ಗೇಮ್ ಮಧ್ಯೆ ಹೊಸ ಪಿಸಿ ಆಫ್ ಆಗುತ್ತೆ, ಮದರ್‌ಬೋರ್ಡ್ ಬದಲಾಯಿಸ್ಬೇಕಾ?

ಪ್ರಶ್ನೆ: ಸರ್, ಮೊದಲ್ನೇ ಸಲ ನಾನೇ ಪಾರ್ಟ್ಸ್ ಜೋಡ್ಸಿ ಪಿಸಿ ಮಾಡ್ಕೊಂಡಿದೀನಿ. ಬ್ರೌಸಿಂಗು, ವಿಡಿಯೋ ಎಲ್ಲ ಆರಾಮಾಗಿ ನಡೆಯುತ್ತೆ, ಗೇಮ್ ಹಾಕಿ ಸ್ವಲ್ಪ ಹೊತ್ತಾದ್ಮೇಲೆ ಕರೆಂಟ್ ಹೋದಂಗೆ ಪಟ್ಟಂತ ಆಫ್. ಬ್ಲೂ ಸ್ಕ್ರೀನ್ ಬರಲ್ಲ. ವಿಂಡೋಸ್ ತನ್ನ ದಾಖಲೆ ಬರೆದಿಡೋ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತಿದೆ. ವಿಂಡೋಸ್ ಹೊಸದಾಗಿ ಹಾಕಿದ್ರೂ ಅದೇ ಕಥೆ. ಮದರ್‌ಬೋರ್ಡ್ ಹೋಗಿದೆ ಅಂತಾನೆ ಫ್ರೆಂಡು. ಬದಲಾಯಿಸ್ಲಾ?

ಉತ್ತರ: ಈಗ್ಲೇ ಬೇಡ, ದಯವಿಟ್ಟು ದುಡ್ಡು ಖರ್ಚು ಮಾಡ್ಬೇಡಿ. ಆ 41 ನೋಡಿ ತುಂಬ ಜನ ಗಾಬರಿ ಆಗ್ತಾರೆ, ಅದು ಹೇಳೋದು ಹೋದ ಸಲ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ ಅಂತ ಅಷ್ಟೇ, ಯಾಕೆ ಅಂತ ಹೇಳಲ್ಲ. ಲೋಡ್ ಬಿದ್ದಾಗ ಮಾತ್ರ ಆಫ್ ಆಗ್ತಿದೆ ಅಂದ್ರೆ ಮೊದಲ ಅನುಮಾನ ಬಿಸಿ ಮೇಲೆ, ಆಮೇಲೆ ಎಸ್‌ಎಂಪಿಎಸ್ (ಪಿಸಿ ಒಳಗಿನ ಪಾರ್ಟ್ಸ್‌ಗೆ ಕರೆಂಟ್ ಕೊಡೋ ಡಬ್ಬ) ಮೇಲೆ.

ಬಯಾಸ್‌ಗೆ (ವಿಂಡೋಸ್ ಶುರುವಾಗೋ ಮೊದ್ಲು ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗ್ಸ್‌ಗೆ) ಹೋಗಿ ಸುಮ್ನೆ ಟೆಂಪರೇಚರ್ ನೋಡ್ತಾ ಕೂತ್ಕೊಳ್ಳಿ. ಏನೂ ಕೆಲಸ ಇಲ್ದೇನೇ 80, 90 ಡಿಗ್ರಿಗೆ ಏರ್ತಿದ್ರೆ ಕೂಲರ್ ಸಿಪಿಯುಗೆ ಸರಿಯಾಗಿ ತಾಗಿಲ್ಲ. ಬಿಚ್ಚಿ ತಳ ನೋಡಿ, ಹೊಸ ಕೂಲರ್‌ಗೆ ಅಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಅಂಟ್ಸಿರ್ತಾರೆ, ಅದನ್ನ ಕೀಳೋದು ಮರೆತು ಹಂಗೇ ಕೂರ್ಸಿರೋರು ಬೇಕಾದಷ್ಟು ಜನ ಇದಾರೆ. ಕಿತ್ತು, ಸಿಪಿಯು ಮೇಲಿರೋ ಹಳೇ ಥರ್ಮಲ್ ಪೇಸ್ಟ್ (ಬಿಸಿಯನ್ನ ಕೂಲರ್‌ಗೆ ದಾಟಿಸೋ ಪೇಸ್ಟ್) ಒರೆಸಿ ಹೊಸದು ಹಾಕಿ, ಸ್ಕ್ರೂನ ಕರ್ಣಕ್ಕೆ ಸ್ವಲ್ಪಸ್ವಲ್ಪ ಬಿಗಿ ಮಾಡಿ.

ಬಯಾಸ್‌ನಲ್ಲಿ ತಣ್ಣಗಿದ್ರೆ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರಲ್ಲಿ ಲಾಗಿಂಗ್ (ಟೆಂಪರೇಚರ್ ಫೈಲ್‌ಗೆ ಬರೆದಿಡೋದು) ಆನ್ ಮಾಡಿ ಗೇಮ್ ಆಡಿ, ಆಫ್ ಆದ್ಮೇಲೂ ಫೈಲ್ ಉಳಿದಿರುತ್ತೆ. ಕೊನೇ ಸಾಲುಗಳಲ್ಲಿ ಸಿಪಿಯು 100ರ ಹತ್ರ ಇದ್ರೆ ಮತ್ತೆ ಕೂಲರೇ. 70ರ ಆಸುಪಾಸಲ್ಲಿದ್ದು, ಗ್ರಾಫಿಕ್ಸ್ ಕಾರ್ಡೂ ಬಿಸಿ ಇಲ್ದೆ ಆಫ್ ಆಗಿದ್ರೆ ಎಸ್‌ಎಂಪಿಎಸ್ ಕಡೆ ತಿರುಗಿ. ಗ್ರಾಫಿಕ್ಸ್ ಕಾರ್ಡ್ ಕೆಲವು ಮಿಲಿಸೆಕೆಂಡ್ ತನ್ನ ರೇಟಿಂಗ್‌ಗಿಂತ ತುಂಬ ಜಾಸ್ತಿ ಪವರ್ ಎಳೆಯುತ್ತೆ, ತಡೆಯಕ್ಕಾಗ್ದೆ ಎಸ್‌ಎಂಪಿಎಸ್ ಒಳಗಿನ ಪ್ರೊಟೆಕ್ಷನ್ ಕಟ್ ಮಾಡ್ಬಿಡುತ್ತೆ. ಆಫ್ ಆದ್ಮೇಲೆ ಪವರ್ ಬಟನ್ ಒತ್ತಿದ್ರೂ ಅಲ್ಲಾಡ್ದೆ, ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಮಾತ್ರ ಏಳುತ್ತಾ? ಹಂಗಿದ್ರೆ ಬಹುತೇಕ ಇದೇ.

ಖಾತ್ರಿ ಮಾಡ್ಕೊಳ್ಳೋಕೆ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರಲ್ಲಿ ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿ ಆಡಿ ನೋಡಿ. ಆಫ್ ಆಗೋದು ನಿಂತ್ರೆ ಮೊದ್ಲು ಕೇಬಲ್ ನೋಡಿ: ಗ್ರಾಫಿಕ್ಸ್ ಕಾರ್ಡಲ್ಲಿ ಎರಡು 8 ಪಿನ್ ಸಾಕೆಟ್ ಇದ್ರೆ ಒಂದೇ ಕೇಬಲ್‌ನ ಎರಡು ತುದಿ ಸಿಗಿಸ್ಬೇಡಿ, ಎರಡು ಬೇರೆ ಕೇಬಲ್ ಎಳೀರಿ, ಕ್ಲಿಪ್ ಟಕ್ ಅನ್ನೋವರೆಗೆ ಒತ್ತಿ. ಯುಪಿಎಸ್ ಇದ್ರೆ ಅದನ್ನ ಬಿಟ್ಟು ನೇರ ಗೋಡೆ ಸಾಕೆಟ್‌ಗೆ ಹಾಕಿ ನೋಡಿ. ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಡಬ್ಬದಿಂದ ಕಳಚಿ ತೆಗೆಯೋ) ಕೇಬಲ್ ಮಾತ್ರ ಯಾವತ್ತೂ ಹಾಕ್ಬೇಡಿ, ಪಿನ್ ಕೂತ್ಕೊಂಡ್ರೂ ಒಳಗಿನ ಜೋಡಣೆ ಬೇರೆ ಇರ್ಬಹುದು, ಪಾರ್ಟ್ಸ್ ಸುಟ್ಟೇ ಹೋಗ್ಬಹುದು. ಎಸ್‌ಎಂಪಿಎಸ್ ಡಬ್ಬಾನೂ ಬಿಚ್ಬೇಡಿ, ಪ್ಲಗ್ ತೆಗೆದ್ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಇರುತ್ತೆ.

ಇಷ್ಟಾದ್ರೂ ಬಿಡ್ಲಿಲ್ಲ ಅಂದ್ರೆ ಯಾರ ಹತ್ರ ಆದ್ರೂ ಜಾಸ್ತಿ ವಾಟ್‌ನ ಒಳ್ಳೇ ಎಸ್‌ಎಂಪಿಎಸ್ ಅದರದ್ದೇ ಕೇಬಲ್ ಸಮೇತ ತಂದು ಹಾಕಿ ನೋಡಿ. ಅದರಲ್ಲೂ ಆಫ್ ಆದ್ರೆ ಆಗ ನಿಮ್ಮ ಫ್ರೆಂಡ್ ಹೇಳಿದ ಮದರ್‌ಬೋರ್ಡ್ ವಿಷಯಕ್ಕೆ ಬರೋಣ, ಆ ಲಾಗ್ ಫೈಲ್ ಜೊತೆಗಿಟ್ಟು ಇನ್ನೊಂದ್ ಸಲ ಬರೀರಿ.