ಬೊಡ್ಡೆ ಇದ್ದಲ್ಲೇ ಮೀನು

"ಮನೆ ಮುಂದೆ ಸಮುದ್ರದ ಹಾಗೆ ನೀರು ಇಟ್ಕೊಂಡು ಭಟ್ಕಳದ ಬಂಗಡೆ ಲಾರಿಗೆ ಕಾಯ್ತೀರಲ್ಲ, ನಿಮ್ಮಂಥ ಸೋಮಾರಿಗಳನ್ನ ಎಲ್ಲೂ ನೋಡಿಲ್ಲ" ಅಂದೆಯಲ್ಲ ಮಾರಾಯ, ಅದಕ್ಕೆ ಈ ಉತ್ತರ. ಸಿಗಂದೂರು ಸೇತುವೆ ಮೇಲೆ ಕಾರು ನಿಧಾನ ಮಾಡಿ, ಕಿಟಕಿ ಇಳಿಸಿ ನಾಲ್ಕು ಫೋಟೊ ತೆಗೆದವರಿಗೆಲ್ಲ ಹಾಗೇ ಅನ್ನಿಸೋದು. 2025ರ ಜುಲೈಯಲ್ಲಿ ಸೇತುವೆ ಶುರುವಾಗುವ ಮುಂಚೆ ಬಂದಿದ್ದರೆ ಲಾಂಚಿಗೆ ಕಾಯುತ್ತ ದಡದಲ್ಲಿ ಕೂತಿರುತ್ತಿದ್ದೆ. ಆಗ ಒಬ್ಬನಾದರೂ ತೆಪ್ಪದವನು ಹರಿದ ಬಲೆ ಹರಡಿಕೊಂಡು ಬೈಯುತ್ತ ಕೂತಿದ್ದು ಕಣ್ಣಿಗೆ ಬೀಳುತ್ತಿತ್ತು. ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಮೊದಲನೇದಾಗಿ ಇದು ಕೆರೆ ಅಲ್ಲ, ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದ ಮೇಲೆ ಶರಾವತಿ ಕಣಿವೆಯ ಊರು, ಗದ್ದೆ, ತೋಟ, ಕಾಡು ಎಲ್ಲ ಒಳಗೆ ಹೋಯಿತು. ಅದಕ್ಕೂ ಮುಂಚೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯನ್ನೂ ಇದು ನುಂಗಿದೆ. ನೀರು ತುಂಬ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತೆ, ನೋಡೋಕೆ ಜನ ಜಾತ್ರೆಯ ಹಾಗೆ ಬರುತ್ತಾರೆ. ಕೆರೆಗೆ ಏರಿ, ತೂಬು, ಕೋಡಿ, ಒಂದು ಗೊತ್ತಾದ ತಳ ಅಂತ ಇರುತ್ತೆ. ಇದರ ತಳ ಅಂದರೆ ಗುಡ್ಡ, ಹಳ್ಳ, ಅಗಳು, ಮನೆ ಪಂಚಾಂಗ. ಎಲ್ಲಕ್ಕಿಂತ ಹೆಚ್ಚಾಗಿ ಮರದ ಬೊಡ್ಡೆ, ಅಂದರೆ ನೀರಿನಡಿ ಉಳಿದ ಮರದ ಬುಡ. ಬೊಡ್ಡೆಯ ಮಾತಿಗೆ ಆಮೇಲೆ ಬರ್ತೀನಿ, ಈ ಉತ್ತರದ ಮುಕ್ಕಾಲು ಪಾಲು ಅದೇ.

ನೀರು ಜಾಸ್ತಿ ಇದ್ದ ಮಾತ್ರಕ್ಕೆ ಮೀನೂ ಜಾಸ್ತಿ ಅನ್ನೋದು ಪೇಟೆಯವರ ಲೆಕ್ಕ. ಮೀನಿನ ಊಟ ಶುರುವಾಗೋದು ನೀರಿನ ಹಸಿರಿನಿಂದ. ನಮ್ಮದು ಜಂಬಿಟ್ಟಿಗೆ ನೆಲ, ಮೇಲೆ ಘಟ್ಟದ ಮಳೆ. ಮಣ್ಣಿನ ಸತ್ವ ಎಂದೋ ತೊಳೆದು ಹೋಗಿದೆ. ನೀರಿನಲ್ಲಿ ಸುಣ್ಣದಂಶ ಕಮ್ಮಿ, ರಂಜಕ ಕಮ್ಮಿ. ಬಯಲುಸೀಮೆಯ ಊರಕೆರೆ ನೋಡು, ದನ ಮೀಯುತ್ತೆ, ಹೊಲದ ಗೊಬ್ಬರ ಹರಿದು ಬರುತ್ತೆ, ನೀರು ಪಚ್ಚೆಹಸಿರು. ಅಂಥ ಕೆರೆಯ ಒಂದು ಎಕರೆ ಕೊಡುವ ಮೀನನ್ನು ಇಲ್ಲಿನ ಒಂದು ಎಕರೆ ಯಾವ ಕಾಲಕ್ಕೂ ಕೊಡಲ್ಲ. ನಿನ್ನ ಫೋಟೊದಲ್ಲಿ ಕನ್ನಡಿ ಹಾಗೆ ಹೊಳೆಯುತ್ತಲ್ಲ ನೀರು, ಮೀನಿನ ಕಣ್ಣಿಗೆ ಅದು ಖಾಲಿ ತಟ್ಟೆ. ಶೃಂಗೇರಿಯಲ್ಲಿ ಮಂಡಕ್ಕಿ ಹಾಕಿದ ಕೂಡಲೇ ಮುಗಿಬಿದ್ದ ಮೀನು ನೋಡಿದ ಮೇಲೆ ಮಲೆನಾಡಿನ ನೀರೆಲ್ಲ ಹಾಗೇ ಅಂದುಕೊಂಡಿದ್ದರೆ ನಿನ್ನ ತಪ್ಪಲ್ಲ. ಅಲ್ಲಿ ಹಿಡಿಯುವವರೂ ಇಲ್ಲ, ಊಟವೂ ಪುಕ್ಕಟೆ.

ಇನ್ನೊಂದು, ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಲ್ಲಿ ಮೊಟ್ಟೆ ಇಡಲ್ಲ, ಅವಕ್ಕೆ ಹರಿಯುವ ಪ್ರವಾಹ ಬೇಕು. ಹಾಗಾಗಿ ಮರಿ ತಂದು ಬಿಡಲೇಬೇಕು. ಬೆರಳುದ್ದಕ್ಕಿಂತ ಚಿಕ್ಕ ಮರಿ ಬಿಟ್ಟರೆ ಅದು ಮೀನು ಬಿತ್ತಿದ ಹಾಗಲ್ಲ, ಮರಿ ನುಂಗುವ ಕೊರವ ಮೀನಿಗೆ ಉಪಾಹಾರ ಬಡಿಸಿದ ಹಾಗೆ. ತಾನಾಗಿ ಹೆಚ್ಚುವುದು ಜಿಲೇಬಿ ಮೀನು, ಅಂದರೆ ತಿಲಾಪಿಯಾ; ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸಾಮಾನ್ಯ ಗೆಂಡೆ ದಡದ ಹುಲ್ಲಿಗೆ ಮೊಟ್ಟೆ ಅಂಟಿಸುತ್ತೆ, ಅಷ್ಟರಲ್ಲಿ ನೀರು ಇಳಿದರೆ ಮೊಟ್ಟೆ ಒಣಗಿ ಹೋಯಿತು. ಊರಿನ ಸಣ್ಣ ಮೀನುಗಳು ಮೊದಲ ಮಳೆಗೆ ಹಳ್ಳ ಹತ್ತುತ್ತವೆ. ನಾವು ಹತ್ತುಮೀನು ಅನ್ನೋದು ಅದಕ್ಕೇ. ಹಳ್ಳದ ಬಾಯಿಗೆ ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟು, ಕತ್ತಿ ಹಿಡಿದು ಮೊಟ್ಟೆ ತುಂಬಿದ ಮೀನನ್ನೇ ಬಾಚುವವರು ನಮ್ಮಲ್ಲೂ ಇದ್ದಾರೆ. ಆಮೇಲೆ ಹೊಳೆಯಲ್ಲಿ ಮೀನಿಲ್ಲ ಅಂತ ಗೋಳಾಡುವವರೂ ಅವರೇ.

ಈಗ ಬೊಡ್ಡೆ.

ಕಣಿವೆ ಮುಳುಗುವಾಗ ಕಾಡನ್ನು ಪೂರ್ತಿ ಬೋಳಿಸಿರಲಿಲ್ಲ. ಕಡಿದಲ್ಲಿ ಬುಡ ಉಳಿಯಿತು, ಕಡಿಯದಲ್ಲಿ ಮರವೇ ಉಳಿಯಿತು. ಅರವತ್ತು ವರ್ಷವಾದರೂ ಕೊಳೆತಿಲ್ಲವಾ ಅಂತ ಕೇಳ್ತೀಯ. ಸದಾ ನೀರಿನಡಿಯೇ ಇರುವ ಮರಕ್ಕೆ ಗಾಳಿ ತಾಗಲ್ಲ, ಕೊಳೆಯೋದು ಬಲು ನಿಧಾನ. ವರ್ಷವರ್ಷವೂ ಒಣಗಿ ನೆನೆಯುವ ಭಾಗ ಮಾತ್ರ ಕೊಳೆಯುತ್ತೆ, ಅದೂ ಹೊರಮೈ ಅಷ್ಟೆ. ಮತ್ತಿ, ಹೊನ್ನೆ, ನಂದಿಯಂಥ ಗಟ್ಟಿ ಮರದಲ್ಲಿ ಒಳಗಿನ ಚೇಗು ಉಳಿದುಕೊಂಡು ಭರ್ಚಿಯ ಹಾಗೆ ಚೂಪಾಗುತ್ತೆ. ಅಂದರೆ ಹಳೆಯದಾದಷ್ಟೂ ಬಲೆಗೆ ಇನ್ನೂ ಕೆಟ್ಟದ್ದು.

ಹಾಗಾದರೆ ಬೊಡ್ಡೆ ಇಲ್ಲದ ಕಡೆ ಬಲೆ ಬಿಡಿ ಅಂತೀಯ. ಸಿಕ್ಕು ಇರೋದೇ ಅಲ್ಲಿ. ತಿಳಿನೀರಿನ ಈ ಬಡ ಹಿನ್ನೀರಲ್ಲಿ ಪಾಚಿ ಹಿಡಿಯೋದು ಮರದ ಮೈಗೆ, ಪಾಚಿ ಮೇಯೋಕೆ ಜಿಲೇಬಿ, ರೋಹು ಬರುತ್ತೆ, ನೀರುಕಾಗೆ ಮತ್ತು ನೀರುನಾಯಿಯಿಂದ ತಪ್ಪಿಸಿಕೊಳ್ಳೋಕೆ ಮರಿಗಳು ಬೇರಿನ ಸಂದಿಯಲ್ಲೇ ಅಡಗುತ್ತವೆ, ಮರಿ ತಿನ್ನೋಕೆ ಕೊರವ ಅಲ್ಲೇ ಹೊಂಚು ಹಾಕುತ್ತೆ. ಬೋಳು ತಳದಲ್ಲಿ ಬಲೆ ಹರಿಯಲ್ಲ ನಿಜ, ಬೆಳಿಗ್ಗೆ ಎತ್ತಿದರೆ ತೊಳೆದು ಮಡಿಸಿಟ್ಟ ಹಾಗೆ ಬರುತ್ತೆ. ಮೀನು ಬೇಕೋ, ಬಲೆ ಬೇಕೋ?

ಬಲೆಯ ಲೆಕ್ಕ ಹೇಳ್ತೀನಿ ಕೇಳು. ಸಾಯಂಕಾಲ ಬಿಟ್ಟು ಬೆಳಿಗ್ಗೆ ಎತ್ತುವ ನೈಲಾನ್ ಬಲೆ ಇದು. ಮೀನು ಬಲೆಯ ಕಣ್ಣಿನೊಳಗೆ ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತೆ. ಕಣ್ಣನ್ನು ಎಳೆದು ಹಿಡಿದು ಅಳೆದರೆ ಜಿಲೇಬಿಗೆ ಎರಡೂವರೆ, ಮೂರು ಇಂಚು. ಕಾಟ್ಲಾ, ರೋಹುಗೆ ನಾಲ್ಕರಿಂದ ಆರು. ಮೇಲಿನ ಹಗ್ಗಕ್ಕೆ ಬೆಂಡು, ಹಳೇ ರಬ್ಬರ್ ಚಪ್ಪಲಿಯ ತುಂಡು ಬೆಂಡಿಗೆ ಒಳ್ಳೇದು. ಕೆಳಗಿನ ಹಗ್ಗಕ್ಕೆ ಸೀಸ. ನೂರು ಅಡಿ ಬಲೆಯನ್ನು ಐವತ್ತು, ಅರವತ್ತು ಅಡಿ ಹಗ್ಗಕ್ಕೇ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಮೀನು ಬಡಿದು ವಾಪಸ್ ಹೋಗುತ್ತೆ, ಸಡಿಲ ಇದ್ದರೆ ಸುತ್ತಿಕೊಳ್ಳುತ್ತೆ. ಆದರೆ ಸಡಿಲ ಬಲೆ ಬೊಡ್ಡೆಗೂ ಅಷ್ಟೇ ಚೆನ್ನಾಗಿ ಸುತ್ತಿಕೊಳ್ಳುತ್ತೆ.

ಬೊಡ್ಡೆ ಎಲ್ಲಿದೆ ಅಂತ ಕಲಿಯುವ ಕಾಲ ಏಪ್ರಿಲ್, ಮೇ. ನೀರು ಇಳಿದಾಗ ತಳದಲ್ಲೇ ನಡೆದು ನೋಡಬೇಕು. ಒಂದು ಬೊಡ್ಡೆಯ ಗುರುತಿಗೆ ಎರಡು ಗೆರೆ: ಇತ್ತಕಡೆ ಒಂಟಿ ಮರದ ನೇರಕ್ಕೆ ಆಚೆ ಗುಡ್ಡದ ಕಣಿವೆ, ಅತ್ತಕಡೆ ದಡದ ಬಂಡೆಯ ನೇರಕ್ಕೆ ಇನ್ನೊಂದು ಗುಡ್ಡದ ತುದಿ. ಎರಡು ಗೆರೆ ಕೂಡಿದಲ್ಲಿ ಬೊಡ್ಡೆ. ಇಷ್ಟೇ ಆಗಿದ್ದರೆ ಸುಲಭ ಇತ್ತು. ತಲೆಬಿಸಿ ಮಾಡೋದು ನೀರಿನ ಮಟ್ಟ. ಲಿಂಗನಮಕ್ಕಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ, ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ 1750ರ ಆಸುಪಾಸಿಗೆ ಇಳಿದದ್ದಿದೆ. ನೀನು ಪೇಪರಿನಲ್ಲಿ ಜಲಾಶಯದ ಮಟ್ಟ ಅಂತ ಬರುವ ಸಾಲನ್ನು ಹಾರಿಸಿ ಓದ್ತೀಯ, ಇಲ್ಲಿನವರು ಮೊದಲು ಓದೋದೇ ಅದನ್ನು.

ಒಂದು ಬೊಡ್ಡೆ ಹಿಡಿ. ಬುಡ 1760 ಅಡಿ ಮಟ್ಟದಲ್ಲಿದೆ, ಎತ್ತರ ನಾಲ್ಕು ಅಡಿ. ತುದಿ 1764ಕ್ಕೆ ಬಂತು. ನಿನ್ನ ಬಲೆ ಎರಡು ಮಾರು ಆಳ, ಅಂದರೆ ಹನ್ನೆರಡು ಅಡಿ, ಬೆಂಡಿನ ಮೇಲೆ ತೇಲುತ್ತೆ. ನೀರು 1785ರಲ್ಲಿದ್ದರೆ ಬೊಡ್ಡೆಯ ತುದಿ ಇಪ್ಪತ್ತೊಂದು ಅಡಿ ಕೆಳಗೆ. ಬಲೆಗೂ ಅದಕ್ಕೂ ಒಂಬತ್ತು ಅಡಿ ಅಂತರ, ನಿಶ್ಚಿಂತೆ. 1772ಕ್ಕೆ ಇಳಿದ ದಿನ ತುದಿ ಎಂಟೇ ಅಡಿ ಕೆಳಗೆ. ಅದೇ ಜಾಗ, ಅದೇ ಬಲೆ, ನಾಲ್ಕು ಅಡಿ ಬಲೆ ಬೊಡ್ಡೆಯ ಮೈಗೆ. ತುಂಬಿದ ಮಟ್ಟದಿಂದ ಬೇಸಿಗೆಯ ಮಟ್ಟಕ್ಕೆ ಏಳೆಂಟು ತಿಂಗಳಲ್ಲಿ ಅರವತ್ತು ಅಡಿ ಇಳಿಯಿತು ಅಂದರೆ ವಾರಕ್ಕೆ ಸುಮಾರು ಎರಡು ಅಡಿ. ಹೋದ ವಾರ ಗಂಗಮ್ಮ ಕೊಟ್ಟ ಜಾಗ ಈ ವಾರ ಬಲೆ ನುಂಗುತ್ತೆ. ದಡವೂ ನಿಲ್ಲಲ್ಲ, ಇಳಿಜಾರು ಕಮ್ಮಿ ಇರುವ ಕಡೆ ಒಂದಡಿ ನೀರು ಇಳಿದರೆ ದಡ ಮೂವತ್ತು, ನಲವತ್ತು ಅಡಿ ಹಿಂದೆ ಸರಿಯುತ್ತೆ. ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟ್ ಓಡೋದು ಇದೇ ನೀರಿನಿಂದ. ನಿನ್ನ ಮನೆಯ ಫ್ಯಾನು ತಿರುಗಿದಷ್ಟೂ ನಮ್ಮ ಬೊಡ್ಡೆ ಮೇಲೆ ಬರುತ್ತೆ ಅಂತ ಇಟ್ಟುಕೋ. ತಮಾಷೆಗೆ ಹೇಳಿದೆ, ಪೂರ್ತಿ ತಮಾಷೆಯೂ ಅಲ್ಲ.

ಸಿಕ್ಕಿಹಾಕಿಕೊಂಡಾಗ ಹೊಸಬರೆಲ್ಲ ಮಾಡೋದು ಒಂದೇ ತಪ್ಪು, ತೆಪ್ಪದಲ್ಲಿ ಕಾಲು ಒದ್ದು ನಿಂತು ಒಂದೇ ಕಡೆಗೆ ಎಳೆಯೋದು. ಎಳೆದಷ್ಟೂ ಎಳೆ ಚೇಗಿನ ಸೀಳಿಗೆ ಇಳಿಯುತ್ತೆ. ಬಿಗಿ ಬಂದ ಕೂಡಲೇ ಹಗ್ಗ ಸಡಿಲ ಬಿಡಬೇಕು. ಮೇಲಿನ ಹಗ್ಗ ಕೈಯಲ್ಲಿ ಹಿಡಿದು ತೆಪ್ಪವನ್ನು ಸರಿಯಾಗಿ ಬೊಡ್ಡೆಯ ನೆತ್ತಿಗೆ ತರಬೇಕು. ಅಲ್ಲಿಂದ ಬಲೆ ಬಿಟ್ಟುಕೊಂಡು ಬಂದ ದಿಕ್ಕಿಗೆ ತಿರುಗಾ ಹೋಗಿ ಮೇಲಕ್ಕೆ ಸಣ್ಣಗೆ ಕೊಡವಬೇಕು. ಬರಲಿಲ್ಲವಾ, ತುದಿಯಲ್ಲಿ ಕವೆ ಇರುವ ಬಿದಿರ ಗಳ ಇಳಿಸಿ ಎಳೆಯನ್ನು ಕೆಳಕ್ಕೆ ಒತ್ತಿ ಬಿಡಿಸಬೇಕು. ಮೇಲಕ್ಕೆ ಎಳೆದು ಬಿಡಿಸುವ ಹಾಗಿಲ್ಲ. ಅದಕ್ಕೂ ಬಗ್ಗದಿದ್ದರೆ ಕತ್ತರಿ. ಕಣ್ಣು ಕತ್ತರಿಸು, ಹಗ್ಗ ಮುಟ್ಟಬೇಡ. ಹಗ್ಗ ಉಳಿದರೆ ಬಲೆಯ ಚೌಕಟ್ಟು ಉಳಿಯಿತು, ಹತ್ತಿಪ್ಪತ್ತು ಕಣ್ಣು ಮನೆ ಜಗುಲಿಯಲ್ಲಿ ಕೂತು ಹೆಣೆಯಬಹುದು. ಹಾಗಂತ ಬಲೆಯನ್ನೇ ಬಿಟ್ಟು ಬರುವುದು ಮಾತ್ರ ಮಹಾ ಪಾಪ. ನೈಲಾನ್ ಕೊಳೆಯಲ್ಲ. ಯಜಮಾನ ಇಲ್ಲದ ಬಲೆ ವರ್ಷಗಟ್ಟಲೆ ಮೀನು, ಆಮೆ, ನೀರುನಾಯಿ ಹಿಡಿದು ಕೊಲ್ಲುತ್ತಲೇ ಇರುತ್ತೆ, ತಿನ್ನುವವರು ಯಾರೂ ಇಲ್ಲ.

ಮೊದಲೇ ಮಾಡಿಕೊಳ್ಳುವ ಉಪಾಯ ಎರಡು ಮೂರಿವೆ. ಇನ್ನೂರು ಅಡಿಯ ಒಂದೇ ಬಲೆಗಿಂತ ಐವತ್ತು ಅಡಿಯ ನಾಲ್ಕು ತುಂಡು ವಾಸಿ, ಹೋದರೆ ಒಂದು ಹೋಗುತ್ತೆ. ಸೀಸದ ಹಗ್ಗವನ್ನು ಬಲೆಗೆ ನೈಲಾನಿನಲ್ಲಿ ಬಿಗಿಯದೆ ಹತ್ತಿ ನೂಲಿನಲ್ಲಿ ಕಟ್ಟಬೇಕು. ಸಿಕ್ಕಿಕೊಂಡರೆ ನೂಲು ತುಂಡಾಗಿ ಕೆಳಹಗ್ಗ ಬಿಟ್ಟುಕೊಳ್ಳುತ್ತೆ, ಬಲೆ ಬರುತ್ತೆ. ಗುರುತಿಲ್ಲದ ಜಾಗದಲ್ಲಿ ಬಲೆ ಇಳಿಸುವ ಮುಂಚೆ ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟಿಸಿ ನೋಡಬೇಕು. ಕೆಸರಾದರೆ ಕಲ್ಲು ಮೆತ್ತಗೆ ಕೂರುತ್ತೆ, ಮರವಾದರೆ ಟಕ್ ಅಂತ ಬೆರಳಿಗೆ ತಿಳಿಯುತ್ತೆ.

ಉಳಿದದ್ದೆಲ್ಲ ಚಿಕ್ಕ ಮಾತು. ಹುಣ್ಣಿಮೆ ಬೆಳಕಲ್ಲಿ, ತಿಳಿನೀರಲ್ಲಿ ಮೀನಿಗೆ ಬಲೆ ಕಾಣುತ್ತೆ, ಅಮಾವಾಸ್ಯೆ ಕಡೆಯ ವಾರ ಒಳ್ಳೇದು. ಮಳೆಯ ಕೆಂಪು ನೀರು ಬಂದಾಗ ಬಲೆಗೆ ಬೀಳುತ್ತೆ, ಗಾಳಕ್ಕೆ ಬೀಳಲ್ಲ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ತೆಪ್ಪ ಬುಗುರಿ ಹಾಗೆ ತಿರುಗುತ್ತೆ. ಬೇಸಿಗೆಯಲ್ಲಿ ಬಲೆಯನ್ನು ನಡುರಾತ್ರಿ ಒಮ್ಮೆ ಎತ್ತದಿದ್ದರೆ ಬೆಳಿಗ್ಗೆಗೆ ಮೊದಲು ಸಿಕ್ಕ ಮೀನು ಮೆತ್ತಗಾಗಿರುತ್ತೆ, ಐಸ್ ಸುರಿದರೂ ಬೆಲೆ ಬರಲ್ಲ. ಸಿಕ್ಕ ಒಳ್ಳೇ ಮೀನು ಸಾಗರ ಪಟ್ಟಣದ ಪೇಟೆಗೆ ಹೋಗುತ್ತೆ, ಕಾಸು ಬೇಕಲ್ಲ. ನಾವು ಬಂಗಡೆ ತಿನ್ನೋದು ಅದಕ್ಕೇ. ಅದರ ರುಚಿಯೂ ಒಂದು ಕಾರಣ ಅನ್ನು, ಸುಳ್ಳು ಯಾಕೆ ಹೇಳಲಿ.

"ಸಾರ್ವಜನಿಕ ನೀರು, ಯಾರು ಕೇಳ್ತಾರೆ" ಅಂದೆಯಲ್ಲ. ಎಲ್ಲರೂ ಕೇಳ್ತಾರೆ. ಬಲೆ ಬಿಡೋಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಶರಾವತಿ ಕಣಿವೆ ಅಭಯಾರಣ್ಯದ ಎಲ್ಲೆಯೊಳಗಾದರೆ ಅರಣ್ಯ ಇಲಾಖೆಯವರ ಮಾತೇ ಮೊದಲು. ಅಣೆಕಟ್ಟೆಯ ಹತ್ತಿರ ಸುಳಿಯುವ ಹಾಗೇ ಇಲ್ಲ. ಎಲ್ಲೆ ಯಾವುದು ಅಂತ ನೀರಿನ ಮೇಲೆ ಗೆರೆ ಎಳೆದಿಲ್ಲ, ಊರೂರಿನ ಗಡಿಕಲ್ಲುಗಳೆಲ್ಲ ಬೊಡ್ಡೆಗಳ ಜೊತೆ ಕೆಳಗಿವೆ. ಸಾಗರದವರಿಗೆ ನಾವು ಹೊಳೆಯಾಚೆಯವರು, ಕೊಲ್ಲೂರು ಕಡೆಯವರಿಗೆ ಘಟ್ಟದ ಮೇಲಿನವರು, ಕಾಗದಪತ್ರದಲ್ಲಿ ಮುಳುಗಡೆಯವರು. ಈಗ ನಿನ್ನ ಬಾಯಲ್ಲಿ ಸೋಮಾರಿಗಳೂ ಆದೆವು. ಅಜ್ಜನ ಗದ್ದೆಯ ಅಂಚಿನ ಮತ್ತಿಮರವೇ ಮೊಮ್ಮಗನ ಬಲೆ ಹಿಡಿದುಕೊಳ್ಳುವ ಊರು ಇದು ಮಾರಾಯ, ಇಲ್ಲಿ ಯಾರನ್ನು ಹೊರಗಿನವರು ಅನ್ನೋದು ಅಂತ ಸ್ವಲ್ಪ ನೋಡಿಕೊಂಡು ಮಾತಾಡು.

ಗಾಳ ಹಾಕಲೇಬೇಕು ಅಂತಿದ್ದರೆ ಮೊದಲು ಕೇಳಿ ಒಪ್ಪಿಗೆ ತಗೊಂಡು ಅಕ್ಟೋಬರ್, ನವೆಂಬರಿನಲ್ಲಿ ಬಾ, ನೀರು ತುಂಬಿ ತಿಳಿಯಾಗಿರುತ್ತೆ. ಜುಲೈ, ಆಗಸ್ಟ್ ಬೇಡ. ಹಳ್ಳಗಳ ಸೆಳೆತ, ತೇಲಿಬರುವ ದಿಮ್ಮಿ. ಬೇಸಿಗೆಯಲ್ಲಿ ಬಂದರೆ ಬಿರುಕು ಬಿಟ್ಟ ದಡ ಗಟ್ಟಿ ಅಂತ ನಂಬಿ ನೀರಿನ ಅಂಚಿಗೆ ಹೋಗಬೇಡ, ಮೇಲಿನ ಹೆಪ್ಪಿನ ಕೆಳಗೆ ಸೊಂಟದವರೆಗೆ ಹೂಳು. ದಾರ 0.40 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಬೊಡ್ಡೆಯ ಹತ್ತಿರ ತಡೆಯಲ್ಲ. ಜಿಲೇಬಿಗೆ ಮೈದಾ ಹಿಟ್ಟಿನ ಉಂಡೆ ಸಾಕು, ಗೆಂಡೆಗೆ ಎರೆಹುಳ, ಮೊದಲೇ ತೌಡು ಮತ್ತು ಕಡಲೆಹಿಂಡಿ ಕಲಸಿ ಚೆಲ್ಲಿದರೆ ಇನ್ನೂ ಒಳ್ಳೇದು. ಸೀಸದ ಗುಂಡನ್ನು ಮುಖ್ಯ ದಾರಕ್ಕೆ ಹಾಕದೆ ಗೇಣುದ್ದದ ತೆಳು ದಾರದಲ್ಲಿ ಬೇರೆಯಾಗಿ ಇಳಿಬಿಡು, ಬೊಡ್ಡೆಗೆ ಸಿಕ್ಕಿದರೆ ಗುಂಡು ಮಾತ್ರ ಹೋಗುತ್ತೆ, ಮೀನೂ ಗಾಳವೂ ಉಳಿಯುತ್ತೆ. ತುಂಡಾದ ದಾರವನ್ನು ಸುತ್ತಿ ಜೇಬಿಗೆ ಹಾಕಿಕೋ. ನೀರು ಇಳಿದ ಮೇಲೆ ಅಲ್ಲೇ ಹುಲ್ಲು ಬರುತ್ತೆ, ದನ ಮೇಯುತ್ತವೆ, ಕಾಲಿಗೆ ಸುತ್ತಿಕೊಂಡರೆ ಬಿಡಿಸೋದು ಕಷ್ಟ.