ಓಪನಿಂಗ್ ಕೋರ್ಸ್ ಈಗ ಬೇಡ ಅಕ್ಕಾ

ಅಕ್ಕಾ, ಮಗ ಕಾರವಾರದ ಅಂಡರ್-13 ಚೆಸ್ ಟೂರ್ನಿಯಲ್ಲಿ ಕೊನೆಯ ರೌಂಡ್ ಸೋತ, ಓಪನಿಂಗ್ (ಆಟದ ಮೊದಲ ನಡೆಗಳು) ಕೋರ್ಸ್ ಕೊಡಿಸಲಾ ಅಂತ ಕೇಳಿದ್ದೀರಿ. ನೀವು ಹಾಕಿದ, ಅವನು ನಡೆಗಳನ್ನು ಬರೆದ ಸ್ಕೋರ್‌ಶೀಟ್ ಇಟ್ಟುಕೊಂಡು ಬೋರ್ಡ್ ಮೇಲೆ ಆಡಿ ನೋಡಿದೆ. ಸುಮ್ನೆ ದುಡ್ಡು ಹಾಕಬೇಡಿ. ಓಪನಿಂಗ್‌ನಲ್ಲಿ ಹುಡುಗನಿಗೆ ಏನೂ ತೊಂದರೆ ಆಗಿಲ್ಲ.

ಅವನು ಸೋತದ್ದು ಆನೆಯ ಆಟದಲ್ಲಿ. ಕಡೆಗೆ ಇಬ್ಬರಿಗೂ ಒಂದೊಂದು ಆನೆ, ಬಿಳಿಗೆ ಒಂದು ಪಾನ್ (ಕಾಲಾಳು) ಜಾಸ್ತಿ. ಬಿಳಿ ರಾಜ ಇ5 (ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು), ಪಾನ್ ಡಿ5, ಆನೆ ಎಚ್7. ಇವನ ರಾಜ ಡಿ8, ಆನೆ ಎ1, ನಡೆ ಇವನದ್ದೇ. ಇದು ಡ್ರಾ. ಹೆದರಿ ಆನೆಯನ್ನು ಎ8ಕ್ಕೆ ಎಳೆದುಕೊಂಡ, ಬಿಳಿ ರಾಜ ಇ6ಕ್ಕೆ ಬಂದ, ಅಲ್ಲಿಗೆ ಮುಗಿಯಿತು. ಪಾನ್ ಅಂಚಿನ ಕಡೆ ಇದ್ದರೆ ಹಾಗೆ ಮನೆ ಕಾಯುತ್ತಾ ಕೂತು ಬಚಾವಾಗಬಹುದು. ನಡುವಿನ ಪಾನ್‌ಗೆ ಅದು ನಡೆಯುವುದಿಲ್ಲ.

ಆನೆ ಎ6ಕ್ಕೆ ಹೋಗಬೇಕಿತ್ತು. ಆಗ ಬಿಳಿ ರಾಜ ಆರನೇ ಸಾಲಿಗೆ ಕಾಲಿಡುವ ಹಾಗಿಲ್ಲ. ಬೇರೆ ದಾರಿ ಕಾಣದೆ ಬಿಳಿ ಪಾನನ್ನು ಡಿ6ಕ್ಕೆ ತಳ್ಳಿದ ಕೂಡಲೇ ಆನೆ ವಾಪಸ್ ಎ1ಕ್ಕೆ. ಇನ್ನು ಹಿಂದಿನಿಂದ ಚೆಕ್ ಮೇಲೆ ಚೆಕ್. ಪಾನ್ ಮುಂದೆ ಹೋಗಿಬಿಟ್ಟಿದೆ, ರಾಜನಿಗೆ ಮರೆ ಎಲ್ಲಿದೆ? ಫಿಲಿಡೋರ್ ಅನ್ನುವ ಫ್ರೆಂಚ್ ಆಟಗಾರ 18ನೇ ಶತಮಾನದಲ್ಲೇ ತೋರಿಸಿಕೊಟ್ಟ ದಾರಿ ಇದು. ರಾತ್ರಿ ಊಟ ಆದ ಮೇಲೆ ಇದೇ ಕಾಯಿ ಜೋಡಿಸಿ. ಪಾನ್ ಇರುವ ಕಡೆ ನೀವು ಕೂತುಕೊಳ್ಳಿ, ಡ್ರಾ ಮಾಡುವುದು ಅವನ ಕೆಲಸ. ನಿಮಗೆ ಚೆಸ್ ಅಷ್ಟು ಬರದಿದ್ದರೂ ನಡೆಯುತ್ತದೆ, ಗೆಲ್ಲಲು ಹಠ ಮಾಡಿದರೆ ಸಾಕು.

ಮತ್ತೆ, ಇಬ್ಬರೂ ತಲಾ 50 ನಡೆ ಆಡಿದರೂ ಪಾನ್ ಕದಲದೆ, ಯಾವ ಕಾಯಿಯೂ ಹೊಡೆತಕ್ಕೆ ಹೋಗದೆ ಇದ್ದರೆ ಡ್ರಾ ಕೇಳಬಹುದು. ಅದಕ್ಕೆ ನಡೆಗಳನ್ನು ಸರಿಯಾಗಿ ಬರೆದಿರಬೇಕು. ಇವನ ಶೀಟ್‌ನಲ್ಲಿ ಕೊನೆಕೊನೆಗೆ ಅಕ್ಷರವೇ ತಿಳಿಯುವುದಿಲ್ಲ ಮಾರಾಯ್ರೆ!

ಎದುರಿನ ಹುಡುಗ ಕುದುರೆ ಮುಟ್ಟಿ ಒಂಟೆ ನಡೆಸಿದ, ಇವನು ನಾಚಿಕೆಯಿಂದ ಸುಮ್ಮನಿದ್ದ ಅಂತಲೂ ಬರೆದಿದ್ದೀರಿ. ಮುಟ್ಟಿದ ಕಾಯಿ ನಡೆಸಲೇಬೇಕು, ಅದು ನಿಯಮ. ಆದರೆ ಇವನು ತನ್ನ ಕಾಯಿಗೆ ಕೈ ಹಾಕಿಬಿಟ್ಟರೆ ಆಮೇಲೆ ಕೇಳುವ ಹಕ್ಕಿಲ್ಲ. ತಕ್ಷಣ ಕ್ಲಾಕ್ ನಿಲ್ಲಿಸಿ, ಕೈ ಎತ್ತಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆಯಬೇಕು. ಎದುರಾಳಿ ಜೊತೆ ವಾದ ಬೇಡ. ಪಾಲಕರಂತೂ ಬಾಯಿ ಹಾಕಲೇಬಾರದು. ಮನೆಯಲ್ಲಿ ಆಡುವಾಗ ನೀವೇ ಬೇಕಂತಲೇ ಹಾಗೆ ಮಾಡಿ, ಅವನು ಕೈ ಎತ್ತುತ್ತಾನಾ ನೋಡಿ.

ಇನ್ನೊಂದು ಮಾತು. ಶಿರಸಿಯಿಂದ ಬೆಳಗಿನ ಜಾವ ಹೊರಟು ದೇವಿಮನೆ ಘಟ್ಟ ಇಳಿದು ಸೀದಾ ಬೋರ್ಡ್ ಮುಂದೆ ಕೂರಿಸಬೇಡಿ. ತಲೆ ತಿರುಗುವ ಮಕ್ಕಳಿಗೆ ಮೊದಲ ರೌಂಡ್ ಹೋದ ಹಾಗೇ. ಕುಮಟಾದಲ್ಲೋ ಅಂಕೋಲಾದಲ್ಲೋ ನೆಂಟರಿದ್ದರೆ ಹಿಂದಿನ ಸಂಜೆಯೇ ಹೋಗಿ ಉಳಿದುಕೊಳ್ಳಿ.