ಸಹಿ ಹಾಕುವ ಮುಂಚೆ ಸಂಬಳ ಯಾರು ಕೊಡುತ್ತಾರೆ ಅಂತ ಕೇಳು

ತಮ್ಮಾ,

ನೀನು ಬರೆದದ್ದು ಓದಿದೆ. ಹೆಂಡತಿ ಇಲ್ಲಿನ ಪ್ರಜೆ, ಅವಳ ಕಡೆಯಿಂದ ನಿನಗೆ ಗ್ರೀನ್ ಕಾರ್ಡ್ ಆಗಿದೆ, ಬಂದು ಇನ್ನೂ ನಾಲ್ಕೈದು ತಿಂಗಳು. ವಾಷಿಂಗ್ಟನ್‌ನ ಒಂದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಆಫೀಸಿನ ಕಂಪ್ಯೂಟರ್ ಕೆಲಸಕ್ಕೆ ಒಂದು ಸಣ್ಣ ಕಂಪನಿ ಕರೆದಿದೆ. "ಅಕ್ಕಾ, ಎಷ್ಟಾದರೂ ಸರ್ಕಾರದ ಕೆಲಸ, ಭದ್ರ ಅಲ್ವಾ? ಈ ಶಟ್‌ಡೌನ್‌ಗೆ ಹೆದರಬೇಕಾ?" ಅಂತ ಕೇಳಿದ್ದೀಯ. ಜೊತೆಗೆ ಮನೆ, ಚಳಿ, ಮಗಳ ಶಾಲೆ, ಊಟ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಮನೆ ಮೇರಿಲ್ಯಾಂಡ್ ಕಡೆಯಾದರೂ ಸರಿ, ವರ್ಜೀನಿಯಾ ಕಡೆಯಾದರೂ ಸರಿ, ಮೆಟ್ರೋಗೆ ಹತ್ತಿರ ನೋಡು. ಯಾವ ಶಾಲೆ ಅನ್ನುವುದು ಮನೆಯ ವಿಳಾಸದ ಮೇಲೆ ನಿಲ್ಲುತ್ತದೆ, ಹಾಗಾಗಿ ಬಾಡಿಗೆ ಕರಾರಿಗೆ ಮುಂಚೆ ಅದನ್ನು ವಿಚಾರಿಸು. ಚಳಿ ಅಭ್ಯಾಸವಾಗುತ್ತದೆ. ರಾಗಿ ಹಿಟ್ಟು ಇಲ್ಲೇ ಸಿಗುತ್ತದೆ, ಸೂಟ್‌ಕೇಸಿನಲ್ಲಿ ತುಂಬಬೇಡ ಅಂತ ಅಮ್ಮನಿಗೆ ಹೇಳು. ಅವರು ಕೇಳುವುದಿಲ್ಲ, ಅದು ಬೇರೆ ಮಾತು.

ಇನ್ನು ಶಟ್‌ಡೌನ್, ಅಂದರೆ ಖರ್ಚಿಗೆ ಹಣ ಮಂಜೂರಾಗದೆ ಸರ್ಕಾರಿ ಆಫೀಸುಗಳು ಬಾಗಿಲು ಹಾಕುವುದು. ನಾನು ಈ ದೇಶಕ್ಕೆ ಬಂದಿಳಿದದ್ದೇ ಒಂದು ಶಟ್‌ಡೌನ್ ನಡುವೆ. 1995ರ ಡಿಸೆಂಬರ್ ಕೊನೆ. ಮ್ಯೂಸಿಯಂ ತೋರಿಸುತ್ತೇನೆ ಅಂತ ನಮ್ಮ ಯಜಮಾನರು ಸ್ಮಿತ್‌ಸೋನಿಯನ್‌ಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿತ್ತು. ಅಧ್ಯಕ್ಷ ಕ್ಲಿಂಟನ್‌ಗೂ ಕೆಳಮನೆಯ ಸ್ಪೀಕರ್ ಗಿಂಗ್ರಿಚ್‌ಗೂ ಬಜೆಟ್ ಜಗಳ, ಅದಕ್ಕೆ ಸರ್ಕಾರ ಬಂದ್ ಅಂದರು. ನಾನು ಕಾವೇರಿ ಗಲಾಟೆಯ ಬಂದ್ ಎಲ್ಲ ನೋಡಿ ಬಂದವಳು. ಆದರೆ ಅದು ಸರ್ಕಾರದ ವಿರುದ್ಧ ಜನ ಮಾಡುವ ಬಂದ್. ಸರ್ಕಾರವೇ ತನ್ನ ಬಾಗಿಲಿಗೆ ತಾನು ಬೀಗ ಹಾಕಿಕೊಂಡದ್ದು ನೋಡಿದ್ದು ಅದೇ ಮೊದಲು. 21 ದಿನ ನಡೆದು ಜನವರಿ 6ಕ್ಕೆ ಮುಗಿಯಿತು. ಮುಗಿಯುತ್ತಿದ್ದಂತೆ ಊರು ಮುಚ್ಚುವಷ್ಟು ಹಿಮ ಬಿತ್ತು. ಆಫೀಸುಗಳಿಗೆ ಮತ್ತೆ ರಜೆ! ಎಂಥ ದೇಶಕ್ಕೆ ಬಂದೆನಪ್ಪಾ ಅನ್ನಿಸಿತ್ತು.

ನಮ್ಮ ಕಡೆಯವರಿಗೆ ಇದು ತಲೆಗೆ ಹೋಗುವುದು ಕಷ್ಟ. ನಮ್ಮಲ್ಲಿ ಬಜೆಟ್‌ಗೆ ಸಮಯ ಸಾಲದಿದ್ದರೆ ಲೇಖಾನುದಾನ ಪಡೆದು ನಡೆಸುತ್ತಾರೆ. ಲೋಕಸಭೆಯಲ್ಲಿ ಬಜೆಟ್ಟೇ ಬಿದ್ದರೆ ಮಂತ್ರಿಮಂಡಲ ಬೀಳುತ್ತದೆ, ಗುಮಾಸ್ತನ ಸಂಬಳ ಬೀಳುವುದಿಲ್ಲ. ಇಲ್ಲಿ ಉಲ್ಟಾ. ಅಕ್ಟೋಬರ್ 1ಕ್ಕೆ ಹೊಸ ಹಣಕಾಸು ವರ್ಷ. ಅಷ್ಟರೊಳಗೆ 12 ಖರ್ಚಿನ ಮಸೂದೆಗಳು ಎರಡೂ ಸದನ ದಾಟಿ ಅಧ್ಯಕ್ಷರ ಸಹಿ ಪಡೆಯಬೇಕು. ಆಗದಿದ್ದರೆ ತಾತ್ಕಾಲಿಕ ಮಸೂದೆಯಾದರೂ ಬೇಕು. ಸೆನೆಟ್‌ನಲ್ಲಿ 100 ಜನ, ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು. ಅಷ್ಟು ಸಾಮಾನ್ಯವಾಗಿ ಯಾವ ಪಕ್ಷದ ಹತ್ತಿರವೂ ಇರುವುದಿಲ್ಲ. ಪಟ್ಟು ಹಿಡಿದು ಕೂತರೆ ಯಾರ ಕುರ್ಚಿಯೂ ಹೋಗುವುದಿಲ್ಲ, ಆದ್ದರಿಂದ ಕೂರುತ್ತಾರೆ. ಅವರ ಸಂಬಳವೂ ನಿಲ್ಲುವುದಿಲ್ಲ.

ಮಂಜೂರಾಗದ ಹಣ ಖರ್ಚು ಮಾಡಬಾರದು ಅನ್ನುವ ಕಾನೂನು 1884ರಷ್ಟು ಹಳೆಯದು. ಆದರೂ ಮುಂಚೆ ಮಂಜೂರಾತಿ ತಡವಾದರೆ ಆಫೀಸುಗಳು ಹೇಗೋ ನಡೆಯುತ್ತಿದ್ದವು. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ, ಕಾನೂನು ಅಂದರೆ ಕಾನೂನು, ಹಣವಿಲ್ಲದಿದ್ದರೆ ಬಾಗಿಲು ಹಾಕಿ ಅಂದರು. ಆವತ್ತು ಹಿಡಿದ ಚಾಳಿ ಇದು.

ಬಾಗಿಲು ಹಾಕಿದರೆ ನೌಕರರು ಎರಡು ಪಾಲಾಗುತ್ತಾರೆ. ಒಂದು ಪಾಲಿಗೆ ಫರ್ಲೋ, ಅಂದರೆ ಸಂಬಳವಿಲ್ಲದೆ ಮನೆಯಲ್ಲಿರು. ಇನ್ನೊಂದು ಪಾಲು ಸಂಬಳವಿಲ್ಲದೆ ಕೆಲಸಕ್ಕೆ ಬರಬೇಕು. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವವರು, ವಿಮಾನಗಳಿಗೆ ದಾರಿ ಹೇಳುವವರು, ಜೈಲು ಕಾಯುವವರು ಎಲ್ಲ ಹೀಗೆ. 2018ರ ಡಿಸೆಂಬರ್ 22ರಿಂದ 35 ದಿನ, ಟ್ರಂಪ್ ಅವರ ಮೆಕ್ಸಿಕೊ ಗಡಿ ಗೋಡೆಯ ಜಗಳದಲ್ಲಿ, ಫೆಡರಲ್ ನೌಕರಳಾದ ನನ್ನನ್ನೂ ಸೇರಿಸಿ ಸುಮಾರು 8 ಲಕ್ಷ ಜನ ಹೀಗಿದ್ದೆವು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ತಾಲ್ಲೂಕು ಆಫೀಸಿನಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ರಿಟೈರ್ ಆದವರು. ವಿಧಾನಸೌಧದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕೆತ್ತಿರುವುದನ್ನು ನಿಜ ಅಂತಲೇ ನಂಬಿದ್ದ ಕಾಲದವರು. "ಕೆಲಸ ಮಾಡಿಸಿಕೊಂಡು ಸಂಬಳ ಕೊಡಲ್ಲ ಅಂದ್ರೆ ಅದು ಸರ್ಕಾರ ಹೇಗಾಗುತ್ತೆ? ಖಜಾನೆ ಇಲ್ವಾ ಅಲ್ಲಿ?" ಅಂದರು. ಆಮೇಲೆ ಮೆಲ್ಲಗೆ, ದುಡ್ಡು ಕಳಿಸಲಾ ಅಂದರು. ತುಮಕೂರಿನಿಂದ ಅಮೆರಿಕಕ್ಕೆ, ಪಿಂಚಣಿ ದುಡ್ಡು.

2025ರದ್ದು ಅಲ್ಲಿಯವರೆಗಿನ ಎಲ್ಲಕ್ಕಿಂತ ಉದ್ದ, 43 ದಿನ. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸಬೇಕೋ ಬೇಡವೋ ಅನ್ನುವ ಜಗಳ. ಶುರುವಾದ ಅಕ್ಟೋಬರ್ 1 ಆ ವರ್ಷ ಆಯುಧಪೂಜೆ. ಪ್ರತಿ ವರ್ಷ ಕಾರಿನ ಕೀ, ಚಾಕು, ಮಗನ ಸೈಕಲ್ ಜೊತೆ ನನ್ನ ಆಫೀಸಿನ ಲ್ಯಾಪ್‌ಟಾಪನ್ನೂ ಇಡುತ್ತೇನೆ. ಸರ್ಕಾರದ ಆಸ್ತಿ, ಕುಂಕುಮದ ಕಲೆಯಾದರೆ ಉತ್ತರ ಕೊಡಬೇಕು, ಅದಕ್ಕೆ ಚೀಲಕ್ಕೆ ಮಾತ್ರ ಬೊಟ್ಟು. ಆವತ್ತು ಬೆಳಿಗ್ಗೆ ಅದನ್ನು ತೆರೆದು, ಫರ್ಲೋ ನೋಟಿಸ್ ಬಂದಿದೆ ಅಂತ ಒಪ್ಪಿಗೆ ಕಳಿಸಿ, "ಸರ್ಕಾರಕ್ಕೆ ಹಣ ಮಂಜೂರಾಗಿಲ್ಲ, ಉತ್ತರಿಸಲು ಆಗುವುದಿಲ್ಲ" ಅಂತ ಇಮೇಲ್‌ಗೆ ಸಂದೇಶ ಹಾಕಿ, ಮುಚ್ಚಿದೆ. ಅದಾದ ಮೇಲೆ ಮುಟ್ಟುವಂತಿಲ್ಲ. ಸುಮ್ನೆ ಇಮೇಲ್ ನೋಡುತ್ತೇನೆ ಅಂದರೂ ತಪ್ಪು, ಪುಕ್ಕಟೆ ಕೆಲಸ ಮಾಡುತ್ತೇನೆ ಅಂದರೂ ಕಾನೂನು ಬಿಡುವುದಿಲ್ಲ. ವಿಜಯದಶಮಿಗೆ ಉಳಿದ ಆಯುಧಗಳನ್ನೆಲ್ಲ ತೆಗೆದೆವು. ಲ್ಯಾಪ್‌ಟಾಪ್ ಅಲ್ಲೇ ಉಳಿಯಿತು. ದೀಪಾವಳಿ ಕಳೆಯಿತು, ರಾಜ್ಯೋತ್ಸವ ಕಳೆಯಿತು, ಒಣಗಿದ ಚೆಂಡುಹೂವನ್ನು ಯಜಮಾನರು ಗುಡಿಸಿ ಹಾಕಿದರು. ಎತ್ತಿದ್ದು ನವೆಂಬರ್ 13ಕ್ಕೆ.

ದುಡ್ಡು ವಾಪಸ್ ಬರುತ್ತದೆ, ಆದರೆ ಕೆಲಸ ವಾಪಸ್ ಬರುವುದಿಲ್ಲ. ಆ ಅಕ್ಟೋಬರ್‌ನಲ್ಲಿ ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ ಅಂತ ಕೇಳುವ ಮನೆಮನೆಯ ಸಮೀಕ್ಷೆ ನಡೆಯಲಿಲ್ಲ. 2025ರ ಅಕ್ಟೋಬರ್ ತಿಂಗಳ ನಿರುದ್ಯೋಗ ದರ ಅಮೆರಿಕದ ಲೆಕ್ಕದಲ್ಲಿ ಇಲ್ಲವೇ ಇಲ್ಲ. 1948ರಿಂದ ಒಂದು ತಿಂಗಳೂ ತಪ್ಪಿರಲಿಲ್ಲ. ನನ್ನದು ಆ ಆಫೀಸಲ್ಲ, ಆದರೆ ನಾನೂ ಅಂಕಿಅಂಶದವಳೇ. ಪಟ್ಟಿಯಲ್ಲಿ ಆ ಖಾಲಿ ಜಾಗ ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ವಿಷಯ. ನೀನು ಸರ್ಕಾರದ ಕೆಲಸ ಅಂದುಕೊಂಡಿರುವುದು ಸರ್ಕಾರದ ಕೆಲಸವಲ್ಲ. ಫೆಡರಲ್ ನೌಕರಿ ಬಹುತೇಕ ಪ್ರಜೆಗಳಿಗೇ. ನಿನಗೆ ಬಂದಿರುವುದು ಕಾಂಟ್ರಾಕ್ಟರ್ ಕೆಲಸ, ಅಂದರೆ ಸರ್ಕಾರಕ್ಕೆ ಗುತ್ತಿಗೆ ಮೇಲೆ ಕೆಲಸ ಮಾಡಿಕೊಡುವ ಖಾಸಗಿ ಕಂಪನಿಯ ನೌಕರಿ. ಅದೇ ಕಟ್ಟಡ, ಅದೇ ಲಿಫ್ಟು, ಕೊರಳಲ್ಲಿ ಬ್ಯಾಡ್ಜ್ ಕೂಡ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಬಾಗಿಲು ಹಾಕಿದ ದಿನ.

ನಮ್ಮ ಕಟ್ಟಡದ ಕೆಳಗೆ ಒಂದು ಕ್ಯಾಂಟೀನ್ ಇತ್ತು, ಅದೂ ಕಾಂಟ್ರಾಕ್ಟ್. ಅಲ್ಲಿ ಬಡಿಸುತ್ತಿದ್ದ ಹೆಂಗಸು ಎಲ್ ಸಾಲ್ವಡಾರ್‌ನವಳು, ನನ್ನದೇ ವಯಸ್ಸು. ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ನನ್ನನ್ನು ಕಂಡ ಕೂಡಲೇ ಸೌಟು ಬದಲಾಯಿಸುತ್ತಿದ್ದಳು. ಹುರುಳಿಕಾಯಿ ಪಲ್ಯದಂಥದ್ದು, ಅನ್ನ, ಪಕ್ಕದಲ್ಲಿ ಒಂದು ಹಸಿಮೆಣಸು. ಅದು ಮೆನುವಿನಲ್ಲಿ ಇರಲಿಲ್ಲ, ನನಗೆ ಮಾತ್ರ. 2019ರ ಜನವರಿ ಕೊನೆಗೆ ನಾವೆಲ್ಲ ವಾಪಸ್ ಹೋದೆವು. ಅಷ್ಟರಲ್ಲಿ ಬಾಕಿ ಸಂಬಳ ಖಾತ್ರಿಯಾಗಿ ಕೊಡಬೇಕು ಅಂತ ಕಾನೂನೇ ಆಗಿತ್ತು, ಕೆಲವೇ ದಿನಕ್ಕೆ ಬ್ಯಾಂಕಿಗೆ ಬಂತು. ಮನೆಯಲ್ಲಿ ಕೂತಿದ್ದ ನನಗೆ 35 ದಿನದ ಸಂಬಳ. ಅವಳಿಗೆ ಒಂದು ಡಾಲರ್ ಇಲ್ಲ, ಆ ಕಾನೂನು ಕಾಂಟ್ರಾಕ್ಟ್ ಜನಕ್ಕೆ ಅಲ್ಲ. ಕ್ಯಾಂಟೀನ್ ತೆರೆದಾಗ ಅಲ್ಲಿ ಬೇರೆಯವರಿದ್ದರು. ಎರಡು ತಿಂಗಳ ಬಾಡಿಗೆ ಕಟ್ಟಲಾಗದೆ ಯಾವುದೋ ಊರಿಗೆ ಹೋದಳಂತೆ. ಊರಿನ ಹೆಸರು ಅವರಿಗೂ ಗೊತ್ತಿರಲಿಲ್ಲ. ಅವಳ ಮಗಳಿಗೆ ಕಾಲೇಜಿನ ವಯಸ್ಸು. ನನ್ನ ಖಾತೆಗೆ ಬಂದ ಆ ದುಡ್ಡು ನೆನೆದಾಗ ಇವತ್ತಿಗೂ ಮನಸ್ಸು ತಿಳಿಯಾಗುವುದಿಲ್ಲ.

ನಾವೂ ಪೂರ್ತಿ ಭದ್ರ ಅಂತ ತಿಳಿಯಬೇಡ. 2025ರಲ್ಲಿ ಶಟ್‌ಡೌನ್ ನಡುವೆಯೇ ಸಾವಿರಾರು ಜನಕ್ಕೆ ಕೆಲಸದಿಂದ ತೆಗೆಯುವ ನೋಟಿಸ್ ಹೋಯಿತು. ಬಾಕಿ ಸಂಬಳ ಎಲ್ಲರಿಗೂ ಸಿಗುತ್ತದೆ ಅಂತೇನಿಲ್ಲ ಅನ್ನುವ ಮಾತು ಶ್ವೇತಭವನದ ಕಡೆಯಿಂದಲೇ ಬಂತು. ನವೆಂಬರ್‌ನ ಕಾನೂನು ಎರಡನ್ನೂ ಸರಿಪಡಿಸಿತು. ಆದರೆ ಹೆಚ್ಚಿನ ಇಲಾಖೆಗಳಿಗೆ ಅದು ಹಣ ಕೊಟ್ಟದ್ದು 2026ರ ಜನವರಿ 30ರವರೆಗೆ ಅಷ್ಟೇ.

ಹಾಗಂತ ಈ ಕೆಲಸ ಬೇಡ ಅನ್ನುವುದಿಲ್ಲ. ಕಂಪನಿಯವರನ್ನು ಬಾಯಿಬಿಟ್ಟು ಕೇಳು. ಆಫೀಸು ಮುಚ್ಚಿದರೆ ಬೇರೆ ಪ್ರಾಜೆಕ್ಟಿಗೆ ಹಾಕುತ್ತೀರಾ, ಇಲ್ಲಾ ನನ್ನ ರಜೆ ಕತ್ತರಿಸುತ್ತೀರಾ? ರಜೆ ಮುಗಿದ ಮೇಲೆ? ಆರೋಗ್ಯ ವಿಮೆ ನಡೆಯುತ್ತದಾ? ಕಾಂಟ್ರಾಕ್ಟಿಗೆ ಪೂರ್ತಿ ದುಡ್ಡು ಮೊದಲೇ ಇಟ್ಟಿದ್ದಾರಾ? ಹೊಸಬ ಹೀಗೆಲ್ಲ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ನಮ್ಮವರಿಗೆ ಜಾಸ್ತಿ. ಇಲ್ಲಿ ಕೇಳದಿದ್ದವನೇ ದಡ್ಡ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊ.

ಮೂರು ತಿಂಗಳ ಖರ್ಚು ಕೈಯಲ್ಲಿ ಸೇರುವವರೆಗೆ ಊರಲ್ಲಿ ಸೈಟು, ಮನೆ ಮೇಲೆ ಮಹಡಿ, ತಂಗಿ ಮದುವೆಗೆ ಪೂರ್ತಿ ಖರ್ಚು ನನ್ನದು, ಈ ಮಾತೆಲ್ಲ ಬೇಡ. ನಿಮ್ಮಪ್ಪ ಅಮ್ಮ ಕೇಳುವುದಿಲ್ಲ, ನೀನೇ ಹೇಳಿಬಿಡುತ್ತೀಯ. ಎಲ್ಲರೂ ಹಾಗೇ.

ಕೆಲಸ ನಿಂತರೆ ರಾಜ್ಯದ ನಿರುದ್ಯೋಗ ಭತ್ಯೆಗೆ ಮೊದಲ ವಾರವೇ ಅರ್ಜಿ ಹಾಕು. ನಾಚಿಕೆ ಬೇಡ. 2019ರ ಜನವರಿಯಲ್ಲಿ ಪೆನ್ಸಿಲ್ವೇನಿಯಾ ಅವೆನ್ಯೂನಲ್ಲಿ ಹೊಸೆ ಆಂಡ್ರೆಸ್ ಅನ್ನುವ ಬಾಣಸಿಗರ ಸಂಸ್ಥೆ ನೌಕರರಿಗೆ ಬಿಸಿ ಊಟ ಕೊಟ್ಟಿತು. ಬ್ಯಾಡ್ಜ್ ಹಿಡಿದು ಜನ ಸಾಲು ನಿಂತಿದ್ದರು. ಧರ್ಮಸ್ಥಳದ ಪಂಕ್ತಿಯಲ್ಲಿ ಯಾರ ಪಕ್ಕ ಬೇಕಾದರೂ ಕೂತು ಉಣ್ಣುವ ನಮ್ಮ ಜನ ಆ ಸಾಲಿಗೆ ಮಾತ್ರ ಹೋಗಲಿಲ್ಲ. ನನಗೆ ಗೊತ್ತಿದ್ದ ಒಂದು ಕನ್ನಡ ಸಂಸಾರ ಸಂಕ್ರಾಂತಿ ಕಾರ್ಯಕ್ರಮಕ್ಕೆ ರೇಷ್ಮೆ ಉಟ್ಟು ಬಂದು, ಎಲ್ಲ ಚೆನ್ನಾಗಿದೆ ಅಂದಿತು. ಎಳ್ಳು ಬೀರಿದರು, ನಕ್ಕರು. ಮನೆ ಕಂತು ಕಟ್ಟಿಲ್ಲ ಅಂತ ಗೊತ್ತಾಗಿದ್ದು ಯುಗಾದಿಯ ಹೊತ್ತಿಗೆ.

ಉಳಿದದ್ದು ಚೂರುಪಾರು. ಅಂಚೆ ನಿಲ್ಲುವುದಿಲ್ಲ. ನಿನ್ನ ಪೌರತ್ವದ ಫೈಲು ಅರ್ಜಿ ಶುಲ್ಕದ ಮೇಲೆ ನಡೆಯುತ್ತದೆ, ಅದೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪ್ರಜೆಯ ಗಂಡ ಅನ್ನುವ ಕಾರಣಕ್ಕೆ ನಿನಗೆ ಐದರ ಬದಲು ಮೂರು ವರ್ಷಕ್ಕೇ ಅರ್ಜಿ ಹಾಕಬಹುದು. ಆಮೇಲೆ ಬೇಕಿದ್ದರೆ ನಮ್ಮ ಕಡೆಯ ಬಾಗಿಲಿಗೆ ಬಾ.

ಮನೆ ನೋಡಲು ಶನಿವಾರ ಬನ್ನಿ, ಮಗಳನ್ನೂ ಕರೆದುಕೊಂಡು. ಊಟ ನಮ್ಮಲ್ಲೇ. ಆಫರ್ ಲೆಟರ್ ತಾ, ಸಹಿ ಮಾತ್ರ ಹಾಕಿರಬೇಡ.